ಹತ್ತಿಸಿದವರ ಕೈಗೇ

ಕೊನೆಯ ಮಗುವನ್ನು ಮನೆಗೆ ಬಿಟ್ಟ ಮೇಲೆ ಅವನು ವ್ಯಾನಿನೊಳಗೆ ಹೋಗಿ ಒಂದೊಂದೇ ಸೀಟಿನ ಕೆಳಗೆ ಬಗ್ಗಿ ನೋಡುತ್ತಿದ್ದ. ಜ್ವರವಿರಲಿ, ಸೊಂಟ ಹಿಡಿದಿರಲಿ, ಇದು ತಪ್ಪುತ್ತಿರಲಿಲ್ಲ. ನಿದ್ದೆಗೆ ಜಾರಿದ ಮಗು ಯಾವುದಾದರೂ ಮೂಲೆಯಲ್ಲಿ ಉಳಿದುಬಿಟ್ಟರೆ? ಸಿಗುತ್ತಿದ್ದುದು ಮಾತ್ರ ಒಂಟಿ ಕಾಲುಚೀಲ, ಕಚ್ಚಿ ಬಿಟ್ಟ ಬಿಸ್ಕತ್ತು. ಶಾಲೆಯ ಮಕ್ಕಳಿಗೆಲ್ಲ ಅವನು ದಿನವೂ ವ್ಯಾನ್ ಮಾಮ. ಹೆಂಡತಿ ಬೇರೆಯಾದ ಮೇಲೆ ಸ್ವಂತ ಮಗಳಿಗೆ ಮಾತ್ರ ಶನಿವಾರಕ್ಕೊಂದು ಗಂಟೆಯ ಅಪ್ಪ.

"ಈತನಿಗೆ ಮಕ್ಕಳನ್ನು ನೋಡಿಕೊಂಡು ಅಭ್ಯಾಸವಿಲ್ಲ" ಎಂದು ಹೆಂಡತಿಯ ವಕೀಲರು ನ್ಯಾಯಾಲಯದಲ್ಲಿ ವಾದಿಸಿದ್ದರು. ವ್ಯಾನ್ ತುಂಬ ಮಕ್ಕಳನ್ನು ಕರೆದೊಯ್ಯುವುದು ಬಹುಶಃ ಸರಕು ಸಾಗಣೆಯ ಲೆಕ್ಕ. ಆ ವಕೀಲರ ಮೊಮ್ಮಗನೂ ಅದೇ ಸರಕಿನಲ್ಲಿ ಸೇರಿ ದಿನವೂ ಕಿಟಕಿ ಪಕ್ಕ ಕೂರುತ್ತಿದ್ದ.

ಭೇಟಿಗೆಂದೇ ನ್ಯಾಯಾಲಯದಲ್ಲಿ ಒಂದು ಕೋಣೆಯಿತ್ತು. ಕಾಲು ಮುರಿದ ಮರದ ಕುದುರೆ, ಗೋಡೆಯ ಮೇಲೆ ನಗುವ ಮಕ್ಕಳ ಚಿತ್ರ, ಆಕಳಿಸುವ ಮೇಲ್ವಿಚಾರಕಿ. ಪ್ರೀತಿ ಉಕ್ಕಿ ಹರಿಯಲು ಇನ್ನೇನು ಬೇಕು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿನ ಪೂಜಾರಿಯ ಕಣ್ಣು ಗಡಿಯಾರದ ಮೇಲಿತ್ತು.

ಒಂದು ಶನಿವಾರ ಗಂಟೆ ಮುಗಿದಾಗ ಬಾಗಿಲಲ್ಲಿ ನಿಂತಿದ್ದವನು ಹೆಂಡತಿಯ ಅಣ್ಣ.

"ಬಾ ಪುಟ್ಟಿ, ಹೋಗೋಣ."

ಅವನ ಕೈ ತಾನಾಗಿಯೇ ಮಗಳಿಗೆ ಅಡ್ಡ ಬಂತು. ಮಗುವನ್ನು ಯಾರು ಹತ್ತಿಸಿದರೋ ಅವರ ಕೈಗೇ ಇಳಿಸಬೇಕು. ಬೇರೆಯವರು ಬರುವುದಾದರೆ ಹತ್ತಿಸಿದವರೇ ಮೊದಲು ತಿಳಿಸಿರಬೇಕು. ಇದು ವ್ಯಾನಿನ ಕಟ್ಟಳೆ.

"ಬೇಜಾರು ಮಾಡ್ಕೋಬೇಡಿ ಭಾವ. ಮಗೂನ ಇಲ್ಲಿ ಬಿಟ್ಟು ಹೋಗಿದ್ದು ಅವರಮ್ಮ. ಅವಳೇ ಬರಲಿ, ಇಲ್ಲಾ ಒಂದು ಫೋನ್ ಮಾಡಿಸಿ."

"ನಾನು ಸೋದರಮಾವ ಕಣಯ್ಯ. ಗುರುತಿಲ್ವಾ?"

"ಇಲ್ದೆ ಏನು? ನಮ್ಮ ಮದುವೇಲಿ ಊಟಕ್ಕೆ ಉಪ್ಪಿಲ್ಲ ಅಂತ ಎದ್ದು ಹೋದೋರು ನೀವೇ ಅಲ್ವಾ. ಆದ್ರೂ ಫೋನ್ ಮಾಡಿಸಿ."

ಫೋನು ಬರುವಷ್ಟರಲ್ಲಿ ಮಾತಿಗೆ ಮಾತು ಬೆಳೆದು ಮಗಳು ಅಳತೊಡಗಿದಳು. ಮೇಲ್ವಿಚಾರಕಿಯ ವರದಿಯಲ್ಲಿ ಅವನು ಮಗುವನ್ನು ಬಲವಂತವಾಗಿ ಹಿಡಿದಿಟ್ಟವನಾದ. ಎಚ್ಚರಿಕೆಗೆ ಸಿಕ್ಕ ಬಹುಮಾನವೆಂದರೆ, ಮುಂದಿನ ವಿಚಾರಣೆಯವರೆಗೆ ಆ ಒಂದು ಗಂಟೆಯೂ ಹೋಯಿತು.

"ಅವನೇನು ಮಗೂನ ನುಂಗಿಬಿಡ್ತಿದ್ನಾ?" ಎಂದು ಅವನ ಅಕ್ಕ ಬೈದಳು. "ಸುಮ್ನೆ ಕಳಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಏನೂ ಹೋಗ್ತಿರಲಿಲ್ಲ ಅಕ್ಕ. ಕೈ ಬರಲಿಲ್ಲ."

ಮಗಳ ಶಾಲೆಯ ಆಯಾ ಮೊದಲು ಅವನ ವ್ಯಾನಿನಲ್ಲಿ ಕೆಲಸಕ್ಕಿದ್ದವಳು. ವಿಷಯ ಕಿವಿಗೆ ಬಿದ್ದು, ಒಂದು ಸಂಜೆ ತಾನೇ ಹುಡುಕಿಕೊಂಡು ಬಂದಳು. ಅವನು ಸೀಟುಗಳ ಕೆಳಗೆ ಬಗ್ಗಿದ್ದ.

"ಅಣ್ಣ, ನಾಳೆ ಅವರಮ್ಮ ಬರೋದು ತಡವಂತೆ. ಹಿಂದಿನ ಗೇಟಿಗೆ ವ್ಯಾನ್ ತಗೊಂಡು ಬಾ. ಒಂದು ಸುತ್ತು ಹೊಡೆಸಿ ತಂದು ಬಿಡು. ನರಪಿಳ್ಳೆಗೂ ಗೊತ್ತಾಗಲ್ಲ. ಪಾಪ, ಮಗೂನೂ ಕೇಳ್ತಾನೇ ಇರುತ್ತೆ."

"ಏನಂತ?"

"ಅಪ್ಪ ಈಗಲೂ ಸೀಟಿನ ಕೆಳಗೆ ನೋಡ್ತಾರಾ ಅಂತ."

ಎಲ್ಲರೂ ಒಟ್ಟಿಗಿದ್ದಾಗ ಮಗಳು ಸಂಜೆ ಹೊತ್ತು ಕೊನೆಯ ಸೀಟಿನ ಕೆಳಗೆ ಅಡಗಿ, ಅವನು ಬಗ್ಗುವುದನ್ನೇ ಕಾಯುತ್ತಿದ್ದಳು. ಅವನು ಆ ಸೀಟಿನ ಮೇಲೆ ಕುಳಿತ.

"ಅವರಮ್ಮ ನಿನ್ನ ನಂಬಿ ಬಿಟ್ಟು ಹೋಗ್ತಾಳೆ ತಂಗಿ," ಎಂದ. "ಅವಳು ಹೇಳ್ದೆ ಯಾರ ಕೈಗೂ ಕೊಡಬೇಡ. ನಾನೇ ಬಂದು ಕೇಳಿದ್ರೂ ಕೊಡಬೇಡ."