ಅಳುವಕ್ಕ ಆಡಿದ ಮಾತು

ಆಕೆಯನ್ನು ನಾನು ಮೊದಲ ಸಲ ಕಂಡದ್ದು ಕಾಪಾಡಲು ಹೋಗಿ.

ಡಬ್ಬಿಂಗ್ ಸ್ಟುಡಿಯೋದಲ್ಲಿ ನನಗದು ಮೊದಲನೆಯ ದಿನ. ಹುದ್ದೆಯ ಹೆಸರು ಸಹಾಯಕ ಧ್ವನಿ ತಂತ್ರಜ್ಞ. ಅಮ್ಮ ಆಗಲೇ ಅದನ್ನು ನೆಂಟರಿಷ್ಟರಿಗೆಲ್ಲ ಸಾರಿ ಮುಗಿಸಿದ್ದಳು. ಕೆಲಸ ಮಾತ್ರ ವೈರು ಸುತ್ತುವುದು. ಹಾಗೆ ಸುತ್ತುತ್ತ ಕೂತಿದ್ದಾಗ ಪಕ್ಕದ ಕೋಣೆಯಿಂದ ಹೆಂಗಸೊಬ್ಬಳ ಗೋಳು ಕೇಳಿಸಿತು. ಕರುಳು ಕಿತ್ತು ಬರುವಂಥ ಗೋಳು. ನೀರಿನ ಬಾಟಲಿ ಹಿಡಿದು, ಹೆಗಲ ಮೇಲಿನ ವೈರಿನ ಸಮೇತ ಎದ್ದು ಓಡಿದೆ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ರೆಕಾರ್ಡಿಂಗ್ ನಡೆದಿದೆ, ಯಾರೂ ಬರಬಾರದು ಎಂದು ಅದರ ಅರ್ಥ. ನಾನು ಅಪಾಯದ ದೀಪವೆಂದು ತಿಳಿದು ಇನ್ನೂ ಜೋರಾಗಿ ನುಗ್ಗಿದೆ.

ಒಳಗೆ ದಪ್ಪ ಕನ್ನಡಕದ, ಐವತ್ತು ದಾಟಿದ ಹೆಂಗಸು ಮೈಕಿನ ಮುಂದೆ ನೆಟ್ಟಗೆ ನಿಂತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾಕಪ್ಪಾ, ಹೆಣ ಎತ್ತೋಕೆ ಬಂದ್ಯಾ? ಇನ್ನೂ ಅಳು ಮುಗಿದಿಲ್ಲ, ಅಲ್ಲೇ ಕೂತ್ಕೋ."

ಗಾಜಿನ ಆಚೆ ರೆಕಾರ್ಡಿಸ್ಟ್ ಅಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. ಅವತ್ತಿನ ಮಟ್ಟಿಗೆ ನನ್ನ ಸಮಾಜಸೇವೆ ಅಲ್ಲಿಗೆ ಮುಗಿಯಿತು.

ಸ್ಟುಡಿಯೋದಲ್ಲಿ ಆಕೆಗೆ ಅಳುವಕ್ಕ ಎಂದೇ ಹೆಸರು. ನಟಿಯರು ತೆರೆಯ ಮೇಲೆ ಬಾಯಿ ತೆರೆದು ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡರೆ ಸಾಕು, ಉಳಿದದ್ದು ಅಕ್ಕನ ಗಂಟಲಿನದು. ನಾನು ಎರಡು ದಿನ 'ಮೇಡಂ' ಎಂದೆ. "ಹಾಗೆಲ್ಲ ಕರೀಬೇಡ ಕಣೋ, ನಗು ಬಂದ್ರೆ ನನ್ನ ಕಸುಬು ಕೆಡತ್ತೆ" ಎಂದಳು. ಅಂದಿನಿಂದ ಅಕ್ಕ. ಮೈಕಿನ ಮುಂದೆ ನಿಲ್ಲುವ ಮೊದಲು ಬಳೆ ಬಿಚ್ಚಿಡುತ್ತಾಳೆ, ಸದ್ದಾಗಬಾರದೆಂದು. ಗಂಡನನ್ನು ಕಳೆದುಕೊಂಡವಳ ಅಳು ಮುಗಿಸಿ, ಮಗನನ್ನು ಕಳೆದುಕೊಂಡವಳ ಅಳು ಶುರುವಾಗುವುದರೊಳಗೆ, ಮಗಳಿಗೆ ಫೋನು ಮಾಡಿ ಒಲೆ ಆರಿಸಿದೆಯಾ ಎಂದು ಗದರುತ್ತಾಳೆ.

ಅಕ್ಕ ಹುಟ್ಟಿದ್ದು ಚರಂಡಿ ಬಳಿಯುವವರ ಬೀದಿಯಲ್ಲಿ. ಈಗಲೂ ಮನೆ ಅಲ್ಲೇ. ಸ್ಟುಡಿಯೋಕ್ಕೆ ಬಂದದ್ದು ಪೊರಕೆ ಹಿಡಿದು. ಒಂದು ದಿನ ಅಳಬೇಕಾದ ಕಲಾವಿದೆಯ ಗಂಟಲು ಕಟ್ಟಿತ್ತು. ಮೊಗಸಾಲೆ ಗುಡಿಸುತ್ತಿದ್ದ ಇವಳನ್ನು ಕರೆದು "ಸ್ವಲ್ಪ ಅಳ್ತೀಯೇನಮ್ಮಾ?" ಎಂದರಂತೆ. "ಸತ್ತೋನು ಒಳ್ಳೇವ್ನಾ, ಕೆಟ್ಟೋನಾ?" ಎಂದು ಕೇಳಿದಳಂತೆ. ಆ ಪ್ರಶ್ನೆಯನ್ನು ಅದುವರೆಗೆ ಅಲ್ಲಿ ಯಾರೂ ಕೇಳಿರಲಿಲ್ಲ. ಅವತ್ತೇ ಪೊರಕೆ ಬೇರೆಯವರ ಕೈಗೆ ಹೋಯಿತು.

ಪೊರಕೆ ಹೋದರೂ ಲೋಟ ಹೋಗಲಿಲ್ಲ. ಅಕ್ಕನ ಚಹಾದ ಲೋಟ ಬೇರೆ, ಕಿಟಕಿಯ ಮೇಲೆ ಕವುಚಿಟ್ಟದ್ದು. ಮಹಾರಾಣಿಯ ದುಃಖಕ್ಕೆ ಅವಳ ಗಂಟಲಾಗುತ್ತಿತ್ತು, ಆ ಗಂಟಲಿಗೆ ಸ್ಟುಡಿಯೋದವರ ಲೋಟವಾಗುತ್ತಿರಲಿಲ್ಲ. ಅಕ್ಕ ಜಗಳಕ್ಕೆ ಹೋಗಲಿಲ್ಲ. ಒಂದು ಮಧ್ಯಾಹ್ನ ಅದೇ ಲೋಟವನ್ನು ತೊಳೆದು, ಚಹಾ ತುಂಬಿ, ಮಾಲೀಕರ ಮೇಜಿನ ಮೇಲಿಟ್ಟು ಬಂದಳು. ಅವರು ಕುಡಿದು ಮೀಸೆ ಒರೆಸಿಕೊಂಡ ಮೇಲೆ, "ಹೇಗಿತ್ತು ಸ್ವಾಮೀ ನನ್ನ ಲೋಟ?" ಎಂದಳಂತೆ. ಮರುದಿನದಿಂದ ಕಿಟಕಿಯ ಮೇಲೆ ಏನೂ ಇರಲಿಲ್ಲ. ಈ ಕತೆಯನ್ನು ರೆಕಾರ್ಡಿಸ್ಟ್ ಅಣ್ಣ ನನಗೆ ಬಾಗಿಲು ಹಾಕಿಕೊಂಡು ಹೇಳಿದ.

ಬಡವರ ಕುರಿತ ಸಿನಿಮಾ ಬಂದರೆ ಅಕ್ಕನಿಗೆ ಸುಗ್ಗಿ. ಅಂಥ ಸಿನಿಮಾಗಳನ್ನು ನೋಡಿ, ಅಮ್ಮನ ಪಕ್ಕ ಕೂತು ಮೂಗು ಸೀನಿ, ಸಮಾಜಕ್ಕೆ ನನ್ನ ಪಾಲು ಸಂದಿತು ಎಂದುಕೊಂಡು ಮನೆಗೆ ಬಂದು ಗಡದ್ದಾಗಿ ಉಂಡವನು ನಾನು. ಅಕ್ಕನಿಗೆ ಬೇರೆಯೇ ತಕರಾರಿತ್ತು. ಪ್ರತಿ ಸಲವೂ ಹಾಳೆ ತಿರುವಿ, "ಇದ್ರಲ್ಲೂ ಬರೀ ಅಳುನಾ? ಒಂದು ಮಾತಿಲ್ವಾ?" ಎನ್ನುತ್ತಿದ್ದಳು.

"ಅಳೋಕೆ ಮಾತು ಯಾಕಕ್ಕಾ?" ರೆಕಾರ್ಡಿಸ್ಟ್ ಅಣ್ಣನ ಹಳೆಯ ಉತ್ತರ.

"ನಿನ್ನ ಹೆಂಡ್ತಿ ಅಳುವಾಗ ಸುಮ್ನೆ ಅಳ್ತಾಳಾ? ನಿನ್ನ ವಂಶಾನೇ ಎತ್ತಿ ಆಡಲ್ವಾ?"

"ಆಡ್ತಾಳೆ."

"ನಮ್ಮೋರಿಗೂ ಬಾಯಿದೆ ಕಣಯ್ಯಾ. ಎಷ್ಟು ಸಿನಿಮಾಕ್ಕೆ ಗಂಟಲು ಹರ್ಕೊಂಡಿದೀನಿ, ಒಂದೇ ಒಂದು ಪೂರ್ತಿ ಮಾತು ಆಡಿಲ್ಲ ನಾನು. ಸಾಯೋದ್ರೊಳಗೆ ಒಂದು ಮಾತು ಆಡಿಯೇ ಆಡ್ತೀನಿ."

ಹೀಗಿರುವಾಗ ನಿರ್ದೇಶಕರೊಬ್ಬರು ಬಂದರು. ಒರಟು ಬಟ್ಟೆ, ಮೆತ್ತನೆಯ ದನಿ, ಎಲ್ಲರಿಗೂ ಬಹುವಚನ. ಅವರ ಸಿನಿಮಾ ಚರಂಡಿ ಬಳಿಯುವವರ ಬೀದಿಯ ಕುರಿತೇ ಇತ್ತು. ಆ ಬೀದಿಯ ನಲ್ಲಿಗೆ ಅಧಿಕಾರಿಯೊಬ್ಬ ಬೀಗ ಹಾಕಿಸುವ ಕತೆ. ಅಕ್ಕ ಆ ಸಿನಿಮಾಕ್ಕೆ ಮುದುಕಿಯಾಗಿ, ಬಸುರಿಯಾಗಿ, ಹಸಿದ ಮಗುವಾಗಿ, ಗುಂಪಿನ ಹೆಂಗಸರೆಲ್ಲರೂ ಆಗಿ ಅತ್ತಳು. ಉಳಿದದ್ದು ಕೊನೆಯ ದೃಶ್ಯ. ಅಧಿಕಾರಿ ಬಿಂದಿಗೆಯನ್ನು ಒದೆಯುತ್ತಾನೆ. ಬೆಳ್ಳನೆಯ ಮುಖಕ್ಕೆ ಮಸಿ ಬಳಿದುಕೊಂಡ ನಾಯಕಿ ಅವನ ಬೂಟಿನ ಮೇಲೆ ಬೀಳುತ್ತಾಳೆ. ಕೂದಲು ಮುಖ ಮುಚ್ಚುತ್ತದೆ, ಕೈಯ ಪಕ್ಕದಲ್ಲೇ ಬಿಂದಿಗೆ ಉರುಳಿರುತ್ತದೆ. ಹಾಳೆಯಲ್ಲಿ ಒಂದೇ ಪದ: ಅಳು.

ನಮ್ಮ ಕಸುಬಿನಲ್ಲಿ ತುಟಿ ಕಂಡರೆ ಧ್ವನಿ ತುಟಿಯ ಆಳು. ತುಟಿ ಕಾಣದಿದ್ದರೆ ಧ್ವನಿಯೇ ಅರಸು, ಏನು ಬೇಕಾದರೂ ಹೇಳಿಸಬಹುದು. ಅಕ್ಕ ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. "ಇವಳ ಬಾಯಿ ಎಲ್ಲೂ ಕಾಣಲ್ಲ ಅಲ್ವಾ?" ಎಂದು ಒಮ್ಮೆ ಕೇಳಿದಳು, ಅಷ್ಟೇ. ಕೆಂಪು ದೀಪ ಹತ್ತಿತು. ನಾಯಕಿ ಬಿದ್ದಳು. ಅಳು ಬರಲಿಲ್ಲ. ತಣ್ಣಗೆ, ಒಂದೊಂದೇ ಪದವಾಗಿ ಬಂತು:

"ಬಗ್ಗಿದ್ದು ನಿನಗಲ್ಲಯ್ಯಾ, ನನ್ನ ಬಿಂದಿಗೆ ಎತ್ಕೊಳ್ಳೋಕೆ."

ತೆರೆಯ ಮೇಲೆ ಒಂದು ಕೂದಲೂ ಅಲುಗಿರಲಿಲ್ಲ. ಆದರೂ ಕಾಲಿಗೆ ಬಿದ್ದಿದ್ದವಳು ಈಗ ಬಿಂದಿಗೆಗೆ ಬಗ್ಗಿದವಳಾಗಿದ್ದಳು. ಗತ್ತಿನಿಂದ ನಿಂತಿದ್ದ ಅಧಿಕಾರಿ ದಾರಿಗೆ ಅಡ್ಡ ನಿಂತ ಪೆದ್ದನ ಹಾಗೆ ಕಂಡ.

ನಿರ್ದೇಶಕರು ಗಾಜಿನ ಈಚೆಯಿಂದ ಮೈಕಿನ ಗುಂಡಿ ಒತ್ತಿದರು. "ಅಕ್ಕಾ, ಚೆನ್ನಾಗಿದೆ. ಆದ್ರೆ ಇಲ್ಲಿ ನೋಡೋರಿಗೆ ಕರುಣೆ ಬರಬೇಕು."

"ಬಂದು?"

"ಕರುಣೆ ಬಂದ್ರೆ ತಾನೇ ಬದಲಾವಣೆ?"

"ನಾನು ಇಷ್ಟು ವರ್ಷ ಅತ್ತಿದ್ದಕ್ಕೆ ಬದಲಾವಣೆ ಬರೋದಾಗಿದ್ರೆ, ಇಷ್ಟೊತ್ತಿಗೆ ನಮ್ಮ ಬೀದೀಲಿ ಈಜುಕೊಳ ಇರ್ಬೇಕಿತ್ತು."

"ನಾನು ನಿಮ್ಮ ಪರವಾಗೇ ಸಿನಿಮಾ ಮಾಡ್ತಿರೋದು, ಅಕ್ಕಾ."

"ಪರವಾಗಿ ಅಂದ್ಮೇಲೆ ನಮ್ಮ ಬಾಯಿ ಬಿಡಿಸಿ. ಬಗ್ಗಿಸೋಕೆ ಬೇರೆಯೋರು ಇದಾರೆ."

ನಿರ್ದೇಶಕರ ಮೆತ್ತನೆಯ ದನಿ ಸ್ವಲ್ಪ ಗಟ್ಟಿಯಾಯಿತು. ಸ್ಟುಡಿಯೋದ ಸಂಗ್ರಹದಿಂದ ಯಾವುದಾದರೂ ಹಳೆಯ ಅಳು ತೆಗೆದು ಅಲ್ಲಿ ಕೂರಿಸಲು ನನಗೆ ಹೇಳಿದರು. ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಗೋಳು ಜೋರು, ಗೋಳು ಮಧ್ಯಮ, ಬಿಕ್ಕಳಿಕೆ. ಯಾವುದನ್ನು ತೆರೆದರೂ ಅಕ್ಕನೇ. ಕೊನೆಗೆ ಒಂದನ್ನು ಹಾಕಿದೆ. ನಿರ್ದೇಶಕರು ಕಣ್ಣು ಮುಚ್ಚಿ ಕೇಳಿ, "ಇದು! ಇದೇ ನೋವು ಬೇಕಾಗಿತ್ತು" ಎಂದರು.

ಒಳಗಿನಿಂದ ಅಕ್ಕನ ದನಿ: "ಅದು ನಾಯಿಗೆ ಅತ್ತಿದ್ದು."

"ಏನು?"

"ಶ್ರೀಮಂತರ ಮನೆ ನಾಯಿ ಸತ್ತಿತ್ತು. ಕಾಮಿಡಿ ಸಿನಿಮಾ."

ರೆಕಾರ್ಡಿಸ್ಟ್ ಅಣ್ಣ ನಗು ತಡೆಯಲು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ. ನಿರ್ದೇಶಕರ ಮುಖ ಕೆಂಪಾಯಿತು. "ನೋಡೋರಿಗೆ ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಲ್ಲ. ಕೇಳಿ ಸ್ವಾಮೀ, ಆ ಮಾತು ಇಟ್ರೆ ನಾನು ಇರ್ತೀನಿ. ಇಲ್ಲಾಂದ್ರೆ ಈ ಸಿನಿಮಾದಲ್ಲಿರೋ ನನ್ನ ಅಳು ಅಷ್ಟನ್ನೂ ತೆಗೀರಿ. ಒಂದು ಬಿಕ್ಕಳಿಕೆನೂ ಬಿಡಬೇಡಿ."

ಅಣ್ಣ ಮೇಜಿನಡಿಯಿಂದ ಗಾಬರಿಯಲ್ಲಿ ಎದ್ದ. "ಅಕ್ಕಾ, ಹಟ ಬೇಡ. ಮಾಲೀಕರ ಕಿವಿಗೆ ಬಿದ್ರೆ ನಾಳೆಯಿಂದ ಗೇಟಿನ ಒಳಗೇ ಬಿಡಲ್ಲ. ಹೊಟ್ಟೆಪಾಡು ನೋಡ್ಕೋ."

"ಗುಡಿಸೋದು ಮರೆತಿಲ್ಲ ಕಣೋ ನಾನು. ಗೇಟಿನ ಹೊರಗೂ ಕಸ ಇದೆ."

"ತೆಗೀರಿ ಹಾಗಾದ್ರೆ," ಎಂದರು ನಿರ್ದೇಶಕರು. ಸಿಟ್ಟಿನಲ್ಲೇ. "ತೆಗೆದು ಹಾಕಿ, ನೋಡೋಣ."

ಅಕ್ಕನ ಧ್ವನಿಯನ್ನು ನಾನು ಪೂರ್ತಿ ಇಳಿಸಿದೆ. ಸಿನಿಮಾ ಓಡಿತು. ಮುದುಕಿ ಬಾಯಿ ತೆರೆದಳು, ಮುಚ್ಚಿದಳು. ಬಸುರಿ ಎದೆ ಬಡಿದುಕೊಂಡಳು, ಸದ್ದಿಲ್ಲ. ಗುಂಪಿನ ಹೆಂಗಸರು ದಡಕ್ಕೆ ಬಿದ್ದ ಮೀನುಗಳ ಹಾಗೆ ಬಾಯಿ ಬಾಯಿ ಬಿಟ್ಟರು. ನಡುವೆ ಅಧಿಕಾರಿಯ ಮಾತು ಮಾತ್ರ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ, ಉದ್ದುದ್ದ ವಾಕ್ಯಗಳಲ್ಲಿ ಕೇಳುತ್ತಿತ್ತು. ಆ ವಾಕ್ಯಗಳನ್ನೆಲ್ಲ ಬರೆದವರು ನನ್ನ ಪಕ್ಕದಲ್ಲೇ ಕೂತಿದ್ದರು. ಮೊದಮೊದಲು ಕಾಲು ಅಲುಗಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ನಾನಂತೂ ಅವರ ಕಡೆ ತಿರುಗುವ ಧೈರ್ಯ ಸಾಲದೆ, ಸುತ್ತಿಟ್ಟಿದ್ದ ವೈರನ್ನೇ ಬಿಚ್ಚಿ ಮತ್ತೆ ಸುತ್ತಿದೆ.

"ಇಡೀ ಬೀದೀಲಿ ಇವನೊಬ್ಬನೇ ಮಾತಾಡ್ತಿದಾನೆ," ಎಂದರು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ.

ನಾನು ಅಕ್ಕನ ಧ್ವನಿಯನ್ನು ಮತ್ತೆ ಏರಿಸಿದೆ. ಬಿಂದಿಗೆಯ ಮಾತು ಬಂದಾಗ ಯಾರೂ ನಿಲ್ಲಿಸಲಿಲ್ಲ. "ಇರಲಿ, ಅದನ್ನೇ ಇಡಿ," ಎಂದರು ನಿರ್ದೇಶಕರು. ಇನ್ನು ಎರಡು ದಿನದಲ್ಲಿ ಸಿನಿಮಾ ಒಪ್ಪಿಸಬೇಕಾಗಿತ್ತು ಎಂಬುದೂ ನಿಜ. ಅವರ ಒಪ್ಪಿಗೆಯಲ್ಲಿ ಅದರ ಪಾಲೆಷ್ಟು, ನೋಡಿದ್ದರ ಪಾಲೆಷ್ಟು ಎಂದು ಅಳೆಯುವ ಮೀಟರು ನಮ್ಮ ಸ್ಟುಡಿಯೋದಲ್ಲಿಲ್ಲ.

ಅಕ್ಕ ಹೊರಗೆ ಬಂದಳು. ಸೋತವರಿಗೆ ಕೊನೆಯದಾಗಿ ಒಂದು ಕೊಂಕು ಉಳಿದೇ ಇರುತ್ತದಲ್ಲ, ನಿರ್ದೇಶಕರು ಅದನ್ನು ಬಹಳ ಮರ್ಯಾದೆಯಿಂದಲೇ ತೆಗೆದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಜವಾಗ್ಲೂ ನಿಮ್ಮ ಬೀದೀಲಿ ಯಾರೂ ಹೀಗೆ ಕಾಲಿಗೆ ಬಿದ್ದೇ ಇಲ್ವಾ ಅಕ್ಕಾ? ನೀವು ಬಿದ್ದಿಲ್ವಾ?"

ಅಕ್ಕ ಅವರನ್ನು ನೇರವಾಗಿ ನೋಡಿದಳು.

"ಬಿದ್ದಿದೀನಿ. ನೀರು ಬಿಡಲಿಲ್ಲ."