ಬೈಸಿಕೊಳ್ಳಲು ಒಬ್ಬ ಗೌಂಡಿ

ಐವತ್ತರ ದಶಕದಲ್ಲಿ ಇಳಕಲ್ಲಿನಲ್ಲಿ ನಾವು ಮನೆ ಕಟ್ಟಿಸಿದೆವು. ಬಾಗಲಕೋಟೆಯ ಓವರ್‌ಸಿಯರ್‌ನಿಂದ ನಕ್ಷೆ ಬರೆಸಿ, ಕಟ್ಟುವುದನ್ನು ಬೇರೆಯವರಿಗೆ ಕೊಡೋಣ ಎಂದೆ ನಾನು. ಸೀರೆ ನೇಯ್ದು ಸಂಸಾರ ನಡೆಸುತ್ತಿದ್ದ ಅವ್ವ ಒಪ್ಪಲಿಲ್ಲ.

“ತಪ್ಪಾದರ ಅಂವ ಇವನ ಮ್ಯಾಲ ಹಾಕ್ತಾನ, ಇಂವ ಅವನ ಮ್ಯಾಲ. ಬೈಯಾಕ ಒಬ್ಬಾಂವ ಇರಲಿ” ಎಂದು, ನಕ್ಷೆಯಿಂದ ಕೀಲಿಯವರೆಗೆ ಎಲ್ಲವನ್ನೂ ಒಬ್ಬ ಗೌಂಡಿಗೇ ಒಪ್ಪಿಸಿದಳು.

ಕಿವಿಗೆ ಬೀಡಿ ಸಿಕ್ಕಿಸಿಕೊಂಡು, ಗೋಡೆಗೆ ಕೆನ್ನೆ ಹಚ್ಚಿ ಒಂದೇ ಕಣ್ಣಿನಿಂದ ಅದರ ನೇರ ನೋಡುತ್ತಿದ್ದ ಅವನು. ಯಾರು ತಕರಾರು ತೆಗೆದರೂ “ಬೈರಿ, ನನಗ ಬೈರಿ” ಎಂದು ನಗುತ್ತಿದ್ದ.

ಅವನಿಲ್ಲದ ದಿನ, ಬೀದಿ ಕಾಣಲೆಂದು ಅವನ ಆಳುಗಳಿಗೆ ಹೇಳಿ ಮಗ್ಗದ ಕೋಣೆಯ ಕಿಟಕಿಯನ್ನು ಪಶ್ಚಿಮಕ್ಕೆ ಇಡಿಸಿದವನು ನಾನು. ಮನೆ ಪೂರ್ತಿ ಮುಗಿಯುವ ಮೊದಲೇ ಅವ್ವ ಅಲ್ಲಿ ಮಗ್ಗ ಹೂಡಿದಳು. ಸಂಜೆಯ ಬಿಸಿಲಿಗೆ ರೇಷ್ಮೆ ಎಳೆಗಳು ಒಣಗಿ ಹರಿಯತೊಡಗಿದವು. ಸೀರೆ ಕೆಟ್ಟಿತೆಂದು ಅವಳು ಗೌಂಡಿಯನ್ನು ಬಾಯಿಗೆ ಬಂದಂತೆ ಬೈದಳು. ಅದನ್ನು ಇಡಿಸಿದವನು ನಾನೆಂದು ಕೊನೆತನಕ ಅವಳಿಗೆ ಹೇಳಲಿಲ್ಲ.

“ನಂದ ತಪ್ಪರಿ ಅವ್ವಾರ” ಎಂದ ಗೌಂಡಿ, ಆ ಕಿಟಕಿ ಮುಚ್ಚಿ ಉತ್ತರದ ಗೋಡೆಯಲ್ಲಿ ಹೊಸದನ್ನು ಇಟ್ಟ. ಆಳುಗಳು ಅವನಿಗೆ ಎಲ್ಲವನ್ನೂ ಹೇಳಿದ್ದರು. ಕೆಲಸ ಮುಗಿಸಿ ನನ್ನ ಪಕ್ಕ ಕುಳಿತು ಮೆಲ್ಲಗೆ ಅಂದ:

“ತಮ್ಮಾ, ಇನ್ನೇನರ ಮಾಡ್ಸೂದಿದ್ರ ಇವತ್ತ ಮಾಡ್ಸಿಬಿಡು. ನಾಳೆ ಕೀಲಿ ಕೊಡ್ತೇನಿ. ಆಮ್ಯಾಲ ನಿನ್ನ ಬೈಗಳಾ ನೀನ ತಿನ್ನಬೇಕಾಗ್ತೈತಿ.”