ಹೊಸ ಸಿಂಥಸೈಜರ್ ನುಂಗಿದ ದನಿ

ಮೊಮ್ಮಗಳು ಪಲ್ಲವಿ ರಾಕ್ ಬ್ಯಾಂಡಿನ್ಯಾಗ ಸಿಂಥಸೈಜರ್ ಬಾರಿಸ್ತಾಳ. ಹುಡುಗ್ಯಾರು ಕೂಡಿಸಿದ ರೊಕ್ಕಕ್ಕ ಒಂದೇ ಪೆಟ್ಟಿಗಿ ಬರತಿತ್ತು. ಪಿಯಾನೊ, ಆರ್ಗನ್, ಪಿಟೀಲು ಎಲ್ಲಾ ಅದರಾಗೇ ನುಡೀಬೇಕು. ಆರಿಸೋದು ತಪ್ಪಿದ್ರ ಬ್ಯಾಂಡ್ ಮುಗೀತು. ಅಮೀರ್‌ಪೇಟಿನ ಅಂಗಡಿಗೆ ನಾನೂ ಬೆನ್ನು ಹತ್ತಿದೆ.

ಅಂಗಡಿಯಾಂವ ಬೀದರಿನಾಂವ, ಕನ್ನಡದಾಗೇ ಮಾತಾಡಿಸಿದ. ಮಿಣಿಮಿಣಿ ದೀಪದ ಹೊಸಾದು ತೋರಿಸಿ, "ಐದುನೂರು ನಾದ ಅದಾವ್ರಿ ಅಮ್ಮಾ" ಅಂದ. ಮೂಲ್ಯಾಗ ಬಣ್ಣ ಕಿತ್ತುಹೋದ ಹಳೇದೊಂದಿತ್ತು.

"ಅದನ್ನ ಯಾಕ ಮಾರ್ಯಾರ?" ಅಂತ ಕೇಳಿದೆ.

ಅಂವ ದನಿ ಇಳಿಸಿದ. "ಆರ್ಕೆಸ್ಟ್ರಾದಾಂವ್ರಿ. ಹಾಡೋಕಿ ಜೋಡಿ ಓಡಿಹೋದ."

ನನಗ ಹೋಳಿಗಿ ತಿಂದಂಗಾತು.

ಪಲ್ಲವಿ ಹೊಸಾದರ ಮ್ಯಾಲೆ ಎಡಗೈಲೆ ಒಂದು ಕೀ ಒತ್ತಿಹಿಡಿದು, ಬಲಗೈಲೆ ಭರಭರ ಬಾರಿಸಿದ್ಲು.

"ತಡಿ, ಎಡಗೈದು ಬಾಯಿ ಮುಚ್ಚಿತು" ಅಂದೆ.

ತಿರುಗಿ ಬಾರಿಸಿದ್ಲು, ಖರೇನ. ಭಾಳ ಕೀ ಒತ್ತಿದ್ರ ಪೆಟ್ಟಿಗಿ ಮೊದಲಿನ ದನಿ ನುಂಗತಿತ್ತು. ಹಳೇದು ಹತ್ತೂ ಬೆರಳಿಗೆ ಹತ್ತೂ ದನಿ ಕೊಟ್ಟಿತು. ಅದನ್ನೇ ತಗೊಂಡ್ವಿ.

"ಸಂಗೀತ ಎಲ್ಲಿ ಕಲಿತ್ರಿ ಅಮ್ಮಾ?"

"ಸನತ್‌ನಗರದ ನಳದ ಮುಂದ. ಹತ್ತು ಹೆಣ್ಮಕ್ಕಳು ಒಮ್ಮೆಲೆ ಮಾತಾಡೋವಾಗ ಯಾರು ಸುಮ್ಮನಾದ್ರು ಅಂತ ಹಿಡಿಯೋದು ಸಣ್ಣ ಕೆಲಸ ಅಲ್ಲಪಾ."

ಮಂದಿ ಸುದ್ದಿ ಬಿಟ್ರ ನನಗೇನೂ ಬರಂಗಿಲ್ಲ ಅಂತ ಸೊಸಿ ನನ್ನ ಆಡಿಕೋತಿದ್ಲು. "ಈ ಪೆಟ್ಟಿಗಿ ಆರಿಸಿದಾಕಿ ನಮ್ಮಜ್ಜಿ" ಅಂತ ಬ್ಯಾಂಡಿನ ಕಾರ್ಯಕ್ರಮದ ದಿನ ಪಲ್ಲವಿ ಮೈಕಿನ್ಯಾಗ ಹೇಳಿದಾಗ, ಅಷ್ಟು ಚಪ್ಪಾಳಿ ನಡುವ ಸೊಸಿ ಸುಮ್ಮನಾದದ್ದೂ ನನಗ ಕೇಳಿಸ್ತು.